ಮಕ್ಕಳ ಫೀಸಿಗೆ ಮಾತ್ರವಲ್ಲ, ಮನಸ್ಸಿಗೂ ಸರ್ಕಾರದ ನೆರವಿದೆ



ಜೂನ್ ಬಂತೆಂದರೆ ನಮ್ಮ ಮನೆಗಳಲ್ಲಿ ಫೀಸು, ಹಾಸ್ಟೆಲು, ವಿದ್ಯಾರ್ಥಿವೇತನದ ಓಡಾಟ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿತು. ವೃತ್ತಿಪರ ಕೋರ್ಸಿಗೆ ಸೇರುವವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ಅರ್ಜಿ ಹಾಕಬಹುದೆಂದು ಬಹಳ ಜನಕ್ಕೆ ಗೊತ್ತಿದೆ. ಆದರೆ ಅದೇ ಹುಡುಗ ಪರೀಕ್ಷೆಯ ಒತ್ತಡದಿಂದ ನಿದ್ದೆಗೆಟ್ಟು, ಊಟ ಬಿಟ್ಟು, ಯಾರೊಡನೆಯೂ ಮಾತಾಡದೆ ಕೂತರೆ ಎಲ್ಲಿಗೆ ಹೋಗಬೇಕು? ಅದಕ್ಕೂ ಸರ್ಕಾರ ಹಣ ಇಟ್ಟಿದೆ, ಕಾನೂನೂ ಇದೆ.

ಹಣ ಎಲ್ಲಿಂದ ಬರುತ್ತದೆ?

1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಊರಿನ ಆರೋಗ್ಯ ಕೇಂದ್ರಕ್ಕೆ ತಂದಿತು. ಅದೇ ಮಾದರಿಯಲ್ಲಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಈಗ ಇದರ ಖರ್ಚು ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಬರುತ್ತದೆ. ನಮ್ಮಂಥ ರಾಜ್ಯಗಳಲ್ಲಿ ನೂರು ರೂಪಾಯಿಗೆ 60 ಕೇಂದ್ರದ್ದು, 40 ರಾಜ್ಯದ್ದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣುವುದು ದಾನವಲ್ಲ, ನಾವು ಕಟ್ಟಿದ ತೆರಿಗೆಯ ಸೇವೆ.

ನೆರವು ಎಲ್ಲಿ ಸಿಗುತ್ತದೆ?

1. ಟೆಲಿ ಮಾನಸ್: 2022ರ ಅಕ್ಟೋಬರ್ 10ರಂದು ಆರಂಭವಾದ ಸಹಾಯವಾಣಿ. ಸಂಖ್ಯೆ 14416. ಹಗಲು ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೂ ಕರೆ ಮಾಡಬಹುದು, ತಂದೆ ತಾಯಿಯೂ ಮಾಡಬಹುದು.

2. ಶಾಲೆ, ಕಾಲೇಜು: 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಾದ ಒಬ್ಬ ಆಪ್ತ ಸಮಾಲೋಚಕರಾದರೂ ಇರಬೇಕು. ಕೋಚಿಂಗ್ ಸೆಂಟರಿಗೂ ಈ ನಿರ್ದೇಶನಗಳು ಅನ್ವಯ. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚು ಮಾಡುವುದು, ಎಲ್ಲರೆದುರು ಅವಮಾನಿಸುವುದು ಕೂಡದೆಂದೂ ಕೋರ್ಟ್ ಹೇಳಿದೆ.

3. ವಿಮೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ವಿಮೆ ಕೊಡುವ ರೀತಿಯಲ್ಲೇ ಮನಸ್ಸಿನ ಕಾಯಿಲೆಗೂ ಕೊಡಬೇಕು. ಪಾಲಿಸಿ ನವೀಕರಿಸುವಾಗ ಏಜೆಂಟರನ್ನು ಕೇಳಿ, ಏನೇನು ಸೇರಿದೆ ಎಂದು ಓದಿಸಿಕೊಳ್ಳಿ.

ಹೊರಗೆ ಗೊತ್ತಾದರೆ?

ನಮ್ಮಲ್ಲಿ ಬಹಳ ಮನೆಗಳನ್ನು ತಡೆಯುವುದು ಖರ್ಚಲ್ಲ, ಈ ಪ್ರಶ್ನೆ. ‘ನಾಳೆ ಸಂಬಂಧ ಕೇಳಿಕೊಂಡು ಬರುವವರು ಏನೆಂದಾರು’ ಎಂಬ ಅಂಜಿಕೆ. ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ರೋಗಿಯ ಹಕ್ಕೆಂದು ಅದೇ ಕಾಯ್ದೆ ಹೇಳುತ್ತದೆ. ಸಾಲದ ಲೆಕ್ಕ ಮುಚ್ಚಿಟ್ಟರೆ ಬಡ್ಡಿ ನಿಲ್ಲುವುದಿಲ್ಲ. ಮನಸ್ಸಿನ ನೋವೂ ಹಾಗೆಯೇ. ‘ನಾನಿದ್ದು ಏನು ಪ್ರಯೋಜನ’ ಎಂದು ಮಗು ಒಮ್ಮೆ ಅಂದರೂ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಅಂದೇ ಕರೆ ಮಾಡಿ.

ಪ್ರವೇಶದ ದಿನ ಫೀಸಿನ ಜೊತೆಗೆ ‘ಆಪ್ತ ಸಮಾಲೋಚಕರು ಯಾರು, ಯಾವ ದಿನ ಸಿಗುತ್ತಾರೆ’ ಎಂದೂ ಕಚೇರಿಯಲ್ಲಿ ಕೇಳಿ. ಹತ್ತು ಪೋಷಕರು ಕೇಳಿದರೆ ಆಡಳಿತ ಮಂಡಳಿಯವರು ಉತ್ತರ ಸಿದ್ಧಮಾಡಿಕೊಳ್ಳಲೇಬೇಕು. ಊರೂರಿನ ಸಮಾಜ ಭವನಗಳಲ್ಲಿ ವಿದ್ಯಾರ್ಥಿವೇತನದ ಪ್ರಕಟಣೆ ಅಂಟಿಸುವಾಗ ಪಕ್ಕದಲ್ಲೇ 14416 ಎಂದು ದಪ್ಪಕ್ಷರದಲ್ಲಿ ಬರೆಯಿರಿ.