ಓಣಿ ಅಳೆದು ಕೊಳ್ಳಬೇಕಾದ ಬಂಡಿ

ಮುಂಬಯಿ ಫೋರ್ಟ್‌ನ ಸರ್ ಫಿರೋಜ್‌ಷಾ ಮೆಹ್ತಾ ರಸ್ತೆಯ ಗ್ರೇಟ್ ಸೋಷಿಯಲ್ ಬಿಲ್ಡಿಂಗ್, 1907ರಲ್ಲಿ ಶುರುವಾದ ಜೋಸ್ಟ್ಸ್ ಎಂಜಿನಿಯರಿಂಗ್ ಕಂಪನಿಯ ವಿಳಾಸ. ಗೋದಾಮುಗಳಲ್ಲಿ ಸರಕು ಎತ್ತಿ ಸಾಗಿಸುವ ಬಂಡಿಗಳು ಇದರ ಮುಖ್ಯ ವ್ಯವಹಾರಗಳಲ್ಲೊಂದು. ಅಲ್ಲಿಂದ ಬಂದರಿನತ್ತ ನಡೆದರೆ ಬಲ್ಲಾರ್ಡ್ ಎಸ್ಟೇಟ್‌ನ ವೋಲ್ಟಾಸ್ ಹೌಸ್ ಸಿಗುತ್ತದೆ. 1954ರಲ್ಲಿ ಹುಟ್ಟಿದ ವೋಲ್ಟಾಸ್ ಕೂಡ ಬಹುಕಾಲ ಫೋರ್ಕ್‌ಲಿಫ್ಟ್ ತಯಾರಿಸಿತ್ತು. 1914ರಲ್ಲಿ ತೆರೆದ ಅಲೆಕ್ಸಾಂಡ್ರಾ ಡಾಕ್, ಅಂದರೆ ಇಂದಿನ ಇಂದಿರಾ ಡಾಕ್, ಅಗೆದಾಗ ಬಂದ ಮಣ್ಣು ತುಂಬಿಸಿ ಕಟ್ಟಿದ್ದೇ ಈ ಬಲ್ಲಾರ್ಡ್ ಎಸ್ಟೇಟ್. ಹೊರೆ ಇಳಿಸುವ ಜಾಗವೂ ಹೊರೆ ಎತ್ತುವ ಯಂತ್ರದ ವ್ಯಾಪಾರವೂ ಇಲ್ಲಿ ಅಕ್ಕಪಕ್ಕ.

ಡಾಕ್‌ನಲ್ಲಿ ಓಡಾಡುವುದು ಕೌಂಟರ್‌ಬ್ಯಾಲೆನ್ಸ್ ಫೋರ್ಕ್‌ಲಿಫ್ಟ್. ಅದರ ಲೆಕ್ಕ ಏತದ ಲೆಕ್ಕವೇ: ಮುಂದಿನ ಗಾಲಿಗಳು ನಡುಗಂಬ, ಒಂದು ಕಡೆ ಸರಕು, ಇನ್ನೊಂದು ಕಡೆ ಹಿಂಬದಿಯ ಭಾರವಾದ ಕಬ್ಬಿಣ. ಬಂಡಿಗೆ ಜಡಿದ ಸಾಮರ್ಥ್ಯದ ತಟ್ಟೆಯ ಮೇಲೆ 3 ಟನ್ ಎಂದು ಬರೆದಿದ್ದರೆ ಯಾವ ಪೆಟ್ಟಿಗೆಯಾದರೂ 3 ಟನ್ ಎತ್ತಬಹುದೆಂದಲ್ಲ. ಸರಕಿನ ಭಾರಕೇಂದ್ರ ಫೋರ್ಕ್‌ನ ಬುಡದಿಂದ ಸಾಮಾನ್ಯವಾಗಿ 500 ಮಿಲಿಮೀಟರ್ ಒಳಗಿದ್ದರೆ ಮಾತ್ರ ಆ ಮಾತು. ಒಂದೂವರೆ ಮೀಟರ್ ಉದ್ದದ ಪೆಟ್ಟಿಗೆಯಾದರೆ ಕೇಂದ್ರ 750ಕ್ಕೆ ಸರಿಯುತ್ತದೆ, ಎತ್ತುವ ಶಕ್ತಿ ಇಳಿಯುತ್ತದೆ. ಎತ್ತರಕ್ಕೆ ಹೋದಷ್ಟೂ ಇನ್ನಷ್ಟು ಇಳಿಯುತ್ತದೆ. ಕೊಳ್ಳುವವರು ಬೆಲೆಪಟ್ಟಿಗಿಂತ ಮೊದಲು ಓದಬೇಕಾದ್ದು ಈ ತಟ್ಟೆ.

ಮುಂಬಯಿ ಸಮೀಪದ ಭಿವಂಡಿಯ ಗೋದಾಮುಗಳಿಗೆ ಬಂದರೆ ಸಮಸ್ಯೆ ಜಾಗದ್ದು. ಕೌಂಟರ್‌ಬ್ಯಾಲೆನ್ಸ್ ಬಂಡಿ ತಿರುಗಲು ರ‍್ಯಾಕ್‌ಗಳ ನಡುವೆ ನಾಲ್ಕು ಮೀಟರಿನಷ್ಟು ಓಣಿ ಬೇಕು. ರೀಚ್ ಟ್ರಕ್ಕಿಗೆ ಮೂರು ಮೀಟರ್ ಸಾಕು. ಅದರ ಮಾಸ್ಟ್, ಅಂದರೆ ಫೋರ್ಕ್ ಏರಿಳಿಯುವ ಕಂಬ, ಮುಂದಕ್ಕೆ ಚಾಚಿ ಪ್ಯಾಲೆಟ್ ಹಿಡಿದು ಮತ್ತೆ ಕಾಲುಗಳ ನಡುವೆ ಹಿಂದಕ್ಕೆ ಬರುತ್ತದೆ. ಚಾಲಕ ಅಡ್ಡಲಾಗಿ ಕುಳಿತು ಹತ್ತು ಮೀಟರ್ ಎತ್ತರದ ಅಟ್ಟಣೆಗೂ ಸರಕು ಇಡಬಲ್ಲ. ಆದರೆ ಗಾಲಿ ಸಣ್ಣದು, ಗಟ್ಟಿ. ನೆಲ ನುಣುಪಾಗಿ ಸಮವಾಗಿರಲೇಬೇಕು. ಡಾಕ್‌ನ ಅಂಗಳಕ್ಕೆ ಇದು ಸಲ್ಲದು.

ಔಷಧ, ಆಹಾರದ ಗೋದಾಮಿನೊಳಗೆ ಡೀಸೆಲ್ ಹೊಗೆ ಬೇಡ, ಅಲ್ಲಿ ಬ್ಯಾಟರಿಯ ಬಂಡಿಯೇ ಸರಿ. ಲಾರಿಯಿಂದ ಇಳಿದ ಪ್ಯಾಲೆಟ್ಟನ್ನು ಪಕ್ಕಕ್ಕೆ ಎಳೆಯಲು ಕೈಯಿಂದ ನಡೆಸುವ ಪ್ಯಾಲೆಟ್ ಟ್ರಕ್ ಸಾಕು. ಎರಡು, ಎರಡೂವರೆ ಟನ್ನನ್ನು ನೆಲದಿಂದ ಗೇಣುದ್ದ ಎತ್ತಿ ಒಬ್ಬನೇ ಎಳೆದೊಯ್ಯುತ್ತಾನೆ. ಮಾಥಾಡಿಗಳ, ಅಂದರೆ ತಲೆಹೊರೆ ಹೊರುವ ಹಮಾಲರ, ಬೆನ್ನು ಉಳಿಸಿದ್ದರಲ್ಲಿ ಈ ಪುಟ್ಟ ಸಾಧನದ ಪಾಲು ದೊಡ್ಡದೆಂದೇ ನನ್ನ ನಂಬಿಕೆ. 1969ರ ಮಹಾರಾಷ್ಟ್ರ ಮಾಥಾಡಿ ಕಾಯ್ದೆ ಹಮಾಲರಿಗೆ ಮಂಡಳಿ, ನೋಂದಣಿ, ಕೂಲಿಯ ಭದ್ರತೆ ಕೊಟ್ಟಿತು. ತಲೆಯ ಮೇಲಿನ ಮೂಟೆಯನ್ನು ಇಳಿಸಲು ಮಾತ್ರ ಯಂತ್ರವೇ ಬೇಕಾಯಿತು.

ಆದರೆ ಫೋರ್ಕ್‌ಲಿಫ್ಟನ್ನು ಕಾರು ಓಡಿಸಬಲ್ಲವರ ಕೈಗೆಲ್ಲ ಕೊಡುವುದು ಅಪಾಯ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಗಾಲಿಯಿಂದ. ಮೂತಿ ಎಡಕ್ಕೆ ತಿರುಗಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ, ಪಕ್ಕದಲ್ಲಿ ನಿಂತವರಿಗೆ ಬಡಿಯುವುದು ಅದೇ. ಹೊರೆ ಹೊತ್ತಾಗ ಫೋರ್ಕ್ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು, ಮಾಸ್ಟ್ ಹಿಂದಕ್ಕೆ ವಾಲಿರಬೇಕು. ಇಳಿಜಾರಿನಲ್ಲಿ ಹೊರೆ ಯಾವಾಗಲೂ ಏರಿನ ಕಡೆಗೇ ಇರಬೇಕು, ಆದ್ದರಿಂದ ಇಳಿಯುವಾಗ ಬಂಡಿಯನ್ನು ಹಿಮ್ಮುಖವಾಗಿ ತರಬೇಕು.