ಮನೆ ಕಳೆದುಕೊಂಡವರ ಮಕ್ಕಳು

ದಾಂಡೇಲಿಯ ಸಮೀಪದ ಕುಳಗಿಯಲ್ಲಿ ಅರಣ್ಯ ಇಲಾಖೆಯವರ ಪ್ರಕೃತಿ ಶಿಬಿರವಿದೆ. ಪಟ್ಟಣಗಳಿಂದ ಬರುವ ಮಕ್ಕಳಿಗೆ ಅಲ್ಲಿಯ ಡೇರೆಗಳಲ್ಲಿ ಒಂದಿರುಳು ಕಳೆಯುವುದು ವಿನೋದ. ಏಕೆಂದರೆ ಮರಳಿ ಹೋಗಲು ಅವರಿಗೆ ಮನೆಯಿರುವುದು. ಮನೆಯೇ ಇಲ್ಲವಾದ ಕುಟುಂಬದ ಕೂಸಿಗೆ ಡೇರೆಯ ವಾಸವು ವಿನೋದವಾಗಲಾರದು. ಕಾಳಿ ನದಿಯ ಸೀಮೆಗೆ ಈ ಭೇದವು ಹೊಸತಲ್ಲ.

ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿದ್ದ ಸೂಪಾ ಊರು 101 ಮೀಟರು ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು; ಒಕ್ಕಲೆದ್ದವರಲ್ಲಿ ಅನೇಕರು ರಾಮನಗರವನ್ನು ಸೇರಿದರು. ನಾಡಿಗೆ ವಿದ್ಯುತ್ತು ದೊರೆಯಿತು, ನಿಜ. ಆದರೆ ಕಚೇರಿಯ ದಫ್ತರವನ್ನು ಗಾಡಿಯಲ್ಲಿ ಹೇರಿ ಸಾಗಿಸಿದಂತೆ ಮಗುವಿನ ಬಾಳನ್ನು ಸಾಗಿಸಲು ಬರುವುದಿಲ್ಲ.

2007ರಲ್ಲಿ ಈ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಇಂಥ ಪ್ರದೇಶಗಳಿಂದ ಸ್ವಇಚ್ಛೆಯಿಂದ ಹೊರಡುವ ಕುಟುಂಬಕ್ಕೆ 2008ರಲ್ಲಿ 10 ಲಕ್ಷ ರೂಪಾಯಿಗಳು ಗೊತ್ತಾಗಿದ್ದು, 2021ರಲ್ಲಿ ಅದು 15 ಲಕ್ಷಕ್ಕೆ ಏರಿತು. ಹದಿನೆಂಟು ತುಂಬಿದವರನ್ನು ಬೇರೆ ಕುಟುಂಬವೆಂದು ಎಣಿಸುವರು. ಚಿಕ್ಕವರು ತಂದೆತಾಯಿಗಳ ಲೆಕ್ಕದಲ್ಲಿಯೇ ಅಡಗಿಹೋಗುವರು. ಹಳೆಯ ಮನೆಯನ್ನು ಬಿಟ್ಟು ಹೊಸದನ್ನು ಕಟ್ಟುವ ವರೆಗಿನ ತಿಂಗಳುಗಳಲ್ಲಿ ಆ ಚಿಕ್ಕವರಿಗೆ ಹಾಲು, ಪಾಠ, ನಿದ್ರೆಗಳು ಎಲ್ಲಿಂದ ಬರಬೇಕು? ಹಿರಿಯರು ಕೂಲಿಯನ್ನು ಅರಸಿ ಹೋದಾಗ ತೊಟ್ಟಿಲ ಕೂಸನ್ನು ನೋಡುವವರಾರು? ಕೈಗೆ ಬಂದ ಹಣವು ಬಾಡಿಗೆಗೂ ಹೊಟ್ಟೆಗೂ ಕರಗುತ್ತಿರಲು, ಶಾಲೆ ಬಿಟ್ಟ ಹುಡುಗನು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದು ದುಸ್ತರ.

ಕಾಯಿದೆಯಿಲ್ಲವೆಂದು ಯಾರೂ ಹೇಳುವಂತಿಲ್ಲ. ವರ್ಗಾವಣೆಯ ಪತ್ರ ತಡವಾಯಿತೆಂದು ಮಗುವಿನ ಪ್ರವೇಶವನ್ನು ತಡೆಯಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ವಿಧಿಸಿದೆ. ವಯಸ್ಸಿನ ದಾಖಲೆಯಿಲ್ಲವೆಂಬ ನೆವವೂ ಸಲ್ಲದು. 2013ರ ಭೂಸ್ವಾಧೀನ ಕಾಯಿದೆಯು ಪುನರ್ವಸತಿಯ ಊರಿಗೆ ಶಾಲೆ, ಅಂಗನವಾಡಿ, ಕುಡಿಯುವ ನೀರುಗಳನ್ನು ಸಲ್ಲತಕ್ಕ ಸೌಕರ್ಯಗಳೆಂದು ಎಣಿಸಿದೆ. ಅಣೆಕಟ್ಟಿನ ಕೆಲಸವಾದರೆ ಮುಳುಗಡೆಗೆ ಆರು ತಿಂಗಳು ಮೊದಲೇ ಪುನರ್ವಸತಿ ಮುಗಿಯತಕ್ಕದ್ದೆಂದೂ ಹೇಳಿದೆ. ಸೂಪಾ ಮುಳುಗಿದಾಗ ಈ ಕಾಯಿದೆ ಇರಲಿಲ್ಲ. ಈಗ ಆ ಸಬೂಬು ಉಳಿದಿಲ್ಲ.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಕಾರಣವು ಅಣೆಕಟ್ಟಾಗಲಿ ಹುಲಿಯಾಗಲಿ, ಕ್ರಮವು ಒಂದೇ ಇರಲಿ. ಹೊಸ ಊರಿನಲ್ಲಿ ಮೊದಲು ಬಾವಿಯೂ ಅಂಗನವಾಡಿಯೂ ಶಾಲೆಯೂ ಆಗಲಿ. ಪ್ರತಿಯೊಂದು ಮಗುವಿನ ಹೆಸರು ಅಲ್ಲಿಯ ಪಟ್ಟಿಯಲ್ಲಿ ಏರಲಿ. ಆಮೇಲೆ ಹಳೆಯ ಮನೆಯ ಹಂಚು ಇಳಿಯಲಿ. ಹಿರಿಯರಿಗೆ ಆದ ನಷ್ಟವನ್ನು ಹಣದಿಂದ ಸ್ವಲ್ಪವಾದರೂ ತುಂಬಿಕೊಡಬಹುದು. ಕಳೆದುಹೋದ ಬಾಲ್ಯವನ್ನು ಯಾವ ಖಜಾನೆಯೂ ತುಂಬಿಕೊಡಲಾರದು.