ನೀಲಿ ಫಲಕದ ಆಚೆಗೆ

ಹಾಸನದಿಂದ ಬೇಲೂರಿನ ಕಡೆ ಹೊರಟ ವಾಹನಗಳಲ್ಲಿ ಹೆಚ್ಚಿನವು ದೊಡ್ಡಗದ್ದವಳ್ಳಿಯ ತಿರುವಿನಲ್ಲಿ ನಿಲ್ಲುವುದೇ ಇಲ್ಲ. ತಿರುಗಿ ಒಳಕ್ಕೆ ಬಂದವರಿಗೆ ಮೊದಲು ಸಿಗುವುದು ತೆಂಗಿನ ಮರಗಳ ನೆರಳು. ಆಮೇಲೆ ಕೆರೆ, ಕೆರೆಯಂಚಿನಲ್ಲೇ ಲಕ್ಷ್ಮೀದೇವಿಯ ಗುಡಿ. ಎಳೆಬಿಸಿಲು ಬಿದ್ದಾಗ ಬಳಪದ ಕಲ್ಲಿನ ಗೋಪುರಗಳು ಒಂದೊಂದು ಮೂಲೆಯಲ್ಲಿ ಒಂದೊಂದು ಬಣ್ಣಕ್ಕೆ ತಿರುಗುತ್ತವೆ.

1114ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ, ಇದನ್ನು ಕಟ್ಟಿಸಿದವರು ಅರಸರಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ನೆನೆದು ಈ ಊರಿಗೇ ಅಭಿನವ ಕೊಲ್ಲಾಪುರ ಎಂದರು. ಒಳಗೆ ನಾಲ್ಕು ಗರ್ಭಗುಡಿ. ಕಾಳಿಯ ಬಾಗಿಲ ಎರಡೂ ಬದಿ ಬೇತಾಳಗಳು: ಪಕ್ಕೆಲುಬು ಒಂದೊಂದನ್ನೂ ಎಣಿಸಬಹುದು. ಮಬ್ಬುಗತ್ತಲಿಗೆ ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಅವು ಎದುರಿಗೆ ಬಂದು ನಿಂತಂತಾಗಿ ಮೈ ಜುಮ್ಮೆನ್ನುತ್ತದೆ.

ಹೊರಗೆ ಪುರಾತತ್ವ ಇಲಾಖೆಯ ನೀಲಿ ಫಲಕವಿದೆ. ಕಾನೂನಿನ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್‌ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ಆದರೂ 2020ರ ನವೆಂಬರಿನಲ್ಲಿ ಇದೇ ಗುಡಿಯ ಕಾಳಿಯ ವಿಗ್ರಹ ತುಂಡಾಗಿ ಬಿದ್ದಿತ್ತು. ಸುಮಾರು ಒಂಬೈನೂರು ವರ್ಷ ನಿಂತಿದ್ದ ಕಲ್ಲು! ಫಲಕ ನೆಟ್ಟರೆ ಸಾಲದು, ಕಾಯುವ ಕಣ್ಣೂ ಬೇಕು.

ಆ ಕಣ್ಣು ಹೇಗಿರುತ್ತದೆಂದು ನೋಡಬೇಕಾದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಬೇಕು. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ಮೀನು ಹಿಡಿಯುವಂತಿಲ್ಲ. ಭಕ್ತರು ಎಸೆದ ಪುರಿಗೆ ದಪ್ಪ ದಪ್ಪ ಮೀನುಗಳು ಮುಗಿಬಿದ್ದು ನೀರನ್ನು ಕದಡುತ್ತವೆ. ಅವುಗಳ ಮೇಲೆ ಕೈಮಾಡಲು ಊರವರ ಮನಸ್ಸೇ ಒಪ್ಪದು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯದು ಇನ್ನೊಂದು ಚಂದ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿಯ ಒಂದು ಗೋಡೆ ಬೈಚೋಜನದು, ಇನ್ನೊಂದು ಮಲ್ಲಿತಮ್ಮನದು. ಶಿಲ್ಪದ ಬುಡದಲ್ಲಿ ಹೆಸರು ಕೊರೆದಿದ್ದಾರೆ. ಅರಸರ ಹೆಸರು ಉಳಿಯುವುದು ವಾಡಿಕೆ. ಕೈಯಲ್ಲಿ ಉಳಿ ಹಿಡಿದವನ ಹೆಸರೂ ಉಳಿದಿರುವುದು ನನಗೆ ಅದಕ್ಕಿಂತ ದೊಡ್ಡ ಸಂತೋಷ.

ಇನ್ನು ಶೆಟ್ಟಿಹಳ್ಳಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಇಗರ್ಜಿ ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿತು. ಮಳೆಗಾಲ ಜೋರಾದಾಗ ಗೋಡೆಗಳ ತುದಿ ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ಮಾಡಿಲ್ಲದ ಕಮಾನುಗಳ ನಡುವೆ ಆಡು ಮೇಯುತ್ತವೆ. ಈಜಿಪ್ಟಿನಲ್ಲೂ ಹೀಗೇ ಆಗಬೇಕಿತ್ತು. ಅಸ್ವಾನ್ ಅಣೆಕಟ್ಟೆಯ ನೀರು ಏರುವ ಮುನ್ನ, 1964ರಿಂದ 1968ರೊಳಗೆ, ಅಬು ಸಿಂಬೆಲ್ ದೇಗುಲಗಳನ್ನು ಕತ್ತರಿಸಿ ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ಲೋಕವೆಲ್ಲ ಅದಕ್ಕೆ ಹಣ ಕೂಡಿಸಿತು. ಶೆಟ್ಟಿಹಳ್ಳಿಗೆ ಅಂಥ ಕೈಗಳು ಬರಲಿಲ್ಲ. ವರ್ಷ ವರ್ಷವೂ ನೆನೆದು ಒಣಗುವ ಗೋಡೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತಿದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಜನ ಅಲ್ಲಿಗೆ ಬರುತ್ತಲೇ ಇರುತ್ತಾರೆ. ಮುಂದಿನ ಸಲ ಬೇಲೂರಿಗೆ ಹೊರಟಾಗ ದೊಡ್ಡಗದ್ದವಳ್ಳಿಯ ತಿರುವಿನಲ್ಲಿ ಒಂದು ಗಳಿಗೆ ಗಾಡಿ ನಿಲ್ಲಿಸಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ಕಲ್ಲಿಗೆ ಪೆಟ್ಟು ಬಿದ್ದಿರುವುದು ಕಂಡರೆ ಸುಮ್ಮನೆ ಹೋಗಬೇಡಿ, ಇಲಾಖೆಗೆ ತಿಳಿಸಿ.